ಅಜ್ಜನ ಬಾಣ ಎಡಕ್ಕೇ ಹೋಗುತ್ತೆ

ಇತ್ತ ತಲೆ ಹಾಕದೆ ಮೂರು ತಿಂಗಳಾಯ್ತು. ಕೆಲಸ ಜಾಸ್ತಿ ಇತ್ತು ಅಂತ ಸುಳ್ಳು ಹೇಳಲ್ಲ. ಗ್ಯಾರೇಜಿನಲ್ಲಿ ಕೂತು ಬಾಣ ಉಜ್ಜುತ್ತಿದ್ದೆ. ನಗಬೇಡಿ, ನಿಜವಾಗಲೂ.

ಒರೆಗಾನ್‌ಗೆ ಬಂದ ಮೇಲೆ ಅಂಟಿಕೊಂಡ ಹುಚ್ಚು ಇದು. ಮರದ ಬಿಲ್ಲು, ಮರದ ಬಾಣ. ಗುರಿ ನೋಡೋಕೆ ಯಾವ ಯಂತ್ರವೂ ಇಲ್ಲ. ಇದನ್ನು ಹಿಡಿಸಿದ್ದು ಮೈದಾನದಲ್ಲಿ ಪರಿಚಯವಾದ ಒಬ್ಬ ಮುದುಕ. ಮನೆಯಲ್ಲಿ ನಾವೆಲ್ಲ ಅವನಿಗಿಟ್ಟ ಹೆಸರು ಬಿಲ್ಲಜ್ಜ. ಆರಡಿ ಮೇಲೆ ಎರಡಿಂಚು ಎತ್ತರ, ಕೈ ಎರಡೂ ದೋಟಿ! ಹೋದ ವರ್ಷ ಬಲಭುಜದ ಆಪರೇಷನ್ ಆಗಿ ಹೆದೆ ಎಳೆಯೋದು ನಿಂತುಹೋಯ್ತು. ಮನೆ ಮಾರಿ ಅರಿಜೋನಾದ ಮಗಳ ಮನೆಗೆ ಹೊರಟಾಗ ತಾನೇ ಮಾಡಿದ ಹನ್ನೆರಡು ಬಾಣ ನನ್ನ ಕೈಗಿಟ್ಟ. "ಗೋಡೆಗೆ ನೇತು ಹಾಕಿದೆ ಅಂತ ಗೊತ್ತಾದ್ರೆ ವಾಪಸ್ ಬಂದು ಕಿತ್ಕೊಂಡು ಹೋಗ್ತೀನಿ" ಅಂದ.

ಪೋರ್ಟ್ ಆರ್ಫರ್ಡ್ ಸೀಡರ್ ಮರದ ಬಾಣಗಳು. ಹೆಸರಿಗೆ ಸೀಡರ್, ಜಾತಿಯಲ್ಲಿ ಸೈಪ್ರೆಸ್. ಒರೆಗಾನ್‌ನ ನೈರುತ್ಯ ಕರಾವಳಿ, ಅದಕ್ಕಂಟಿದ ಉತ್ತರ ಕ್ಯಾಲಿಫೋರ್ನಿಯಾ, ಅಷ್ಟೇ ಇದರ ತವರು. ಚೂರು ಕೆತ್ತಿದರೆ ಶುಂಠಿ ಜಜ್ಜಿದ ಹಾಗೆ ಘಮ್ಮನ್ನುತ್ತೆ. 1952ರಲ್ಲಿ ಈ ತವರಿಗೇ ಬೇರು ಕೊಳೆಯುವ ರೋಗ ಬಂತು. ತಂದದ್ದು ಫೈಟಾಫ್ತೊರ, ನಮ್ಮ ಅಡಕೆ ಕೊಳೆರೋಗದ ದಾಯಾದಿ! ಅಪ್ಪನಿಗೆ ಫೋನಿನಲ್ಲಿ ಹೇಳಿದರೆ "ಅಲ್ಲೂ ಬಂತಾ ಅದು? ಬೋರ್ಡೋ ಹೊಡೀತಾರಂತಾ?" ಅಂದರು.

ಇರಲಿ. ಅಜ್ಜನ ಬಾಣ ನನ್ನ ಬಿಲ್ಲಿಗೆ ಏರಿಸಿ 15 ಗಜದಿಂದ ಬಿಟ್ಟೆ. ಎಡಕ್ಕೆ, ಒಂದು ಗೇಣು. ಇನ್ನೊಂದು ಬಿಟ್ಟೆ, ಅದೂ ಎಡಕ್ಕೆ. ಹನ್ನೆರಡೂ ಎಡಕ್ಕೆ. ಎರಡು ವಾರ ನನ್ನ ಕೈಯನ್ನೇ ಬೈದುಕೊಂಡೆ.

ದೋಷ ಕೈಯದ್ದಲ್ಲ. ಬಲಗೈಯವರಿಗೆ ಬಾಣ ಕೂರೋದು ಬಿಲ್ಲಿನ ಎಡ ಮಗ್ಗುಲಿಗೆ, ಹೆದೆ ನುಗ್ಗೋದು ಬಿಲ್ಲಿನ ನಡುವಿಗೆ. ಅಂದ್ರೆ ಬಾಣದ ಮೂತಿ ಮೊದಲೇ ಸ್ವಲ್ಪ ಎಡಕ್ಕಿರುತ್ತೆ. ಆದರೂ ಅದು ನೇರ ಹೋಗೋದು ಹೇಗೆ? ಬಿಟ್ಟ ಕ್ಷಣ ಬಾಣ ಬಳುಕುತ್ತೆ. ಬಳುಕಿ, ಬಿಲ್ಲನ್ನು ಬಳಸಿಕೊಂಡು ಆಚೆ ಹೋಗಿ, ಮೀನಿನ ಹಾಗೆ ಓಲಾಡುತ್ತಾ ನೆಟ್ಟಗಾಗುತ್ತೆ. ಹೆಗಲ ಮೇಲೆ ದೋಟಿ ಹೊತ್ತು ನಡೆದರೆ ಎರಡೂ ತುದಿ ತುಯ್ಯುತ್ತಲ್ಲ, ಹಾಗೆ. 1930ರ ದಶಕದಲ್ಲಿ ಕ್ಲಾರೆನ್ಸ್ ಹಿಕ್‌ಮನ್ ಅನ್ನೋ ವಿಜ್ಞಾನಿ ಅತಿವೇಗದ ಕ್ಯಾಮೆರಾದಲ್ಲಿ ಇದನ್ನು ಹಿಡಿದು ತೋರಿಸಿದ್ದ. ಬಾಣ ತೀರಾ ಗಡುಸಾದರೆ ಬಳುಕದೆ ಎಡಕ್ಕೆ ಹೋಗುತ್ತೆ, ತೀರಾ ಮೆದುವಾದರೆ ಬಲಕ್ಕೆ.

ಈ ಗಡುಸಿನ ಲೆಕ್ಕಕ್ಕೆ ಸ್ಪೈನ್ ಅಂತಾರೆ. 26 ಇಂಚು ಅಂತರದ ಎರಡು ಮೊಳೆ ಮೇಲೆ ಬಾಣ ಅಡ್ಡ ಇಟ್ಟು ನಡುವಿಗೆ ಎರಡು ಪೌಂಡ್ ತೂಕ ನೇತು ಹಾಕಬೇಕು. 26ನ್ನು ಬಾಣ ಬಾಗಿದ ಇಂಚಿನಿಂದ ಭಾಗಿಸಿದರೆ ಸ್ಪೈನ್ ಸಿಕ್ಕಿತು. ತೂಕಕ್ಕೆ ನಾನು ಬಳಸಿದ್ದು ಇಂಡಿಯನ್ ಸ್ಟೋರಿನ ಎರಡು ಪೌಂಡಿನ ತೊಗರಿಬೇಳೆ ಪ್ಯಾಕೆಟ್. (ಸಾರಿಗೆ ಬೇಳೆ ಹುಡುಕಿ ಹುಡುಕಿ ಗ್ಯಾರೇಜಿಗೆ ಬಂದ ಹೆಂಡತಿಯ ಮುಖ ನೀವು ನೋಡಬೇಕಿತ್ತು.) ಬಾಗಿದ್ದು 0.39 ಇಂಚು. ಅಂದ್ರೆ 67. ಅಜ್ಜ ಪ್ರತಿ ಬಾಣದ ಮೇಲೂ ಪೆನ್ಸಿಲಿನಲ್ಲಿ ಪುಟ್ಟದಾಗಿ ಬರೆದು ಮೇಲೆ ವಾರ್ನಿಷ್ ಬಳಿದಿದ್ದ, ಅದೂ 67. ಅವನ 55 ಪೌಂಡ್ ಬಿಲ್ಲಿಗೆ ಅದು ಸರಿ. ನಾನು ಎಳೆಯೋದು ಬರೀ 38.

ಮೈದಾನದಲ್ಲಿ ಎಲ್ಲರದ್ದೂ ಒಂದೇ ಸಲಹೆ: "ಬಾಣ ನಿನಗೆ ಉದ್ದ, ಕತ್ತರಿಸು." ನನಗೂ ಹೌದು ಅನ್ನಿಸಿತು, ಮೊನೆ ನಾಲ್ಕು ಇಂಚು ಆಚೆ ಚಾಚಿಕೊಂಡಿರುತ್ತೆ. ಗರಗಸ ಹಿಡಿಯೋ ಮೊದಲು ಅಜ್ಜನಿಗೆ ಫೋನ್ ಮಾಡಿದ್ದು ಪುಣ್ಯ. "ಕತ್ತರಿಸಿದರೆ ಇನ್ನೂ ಗಡುಸಾಗುತ್ತೆ ಕಣೋ!" ಅಂತ ಕೂಗಿದ. ಹೌದಲ್ಲ, ಗಿಡ್ಡ ಕೋಲು ಬಗ್ಗೋದೇ ಕಷ್ಟ.

ಸರಿ, ಮೊನೆ ಭಾರ ಮಾಡಿ ನೋಡೋಣ. ಮುಂದೆ ಭಾರವಿದ್ದಷ್ಟೂ ಬಾಣ ಹೆಚ್ಚು ಬಳುಕುತ್ತೆ. 125 ಗ್ರೇನಿನ ಮೊನೆ ಕಾಯಿಸಿ ಕಿತ್ತು 160ರದ್ದು ಅಂಟಿಸಿದೆ. ಗೇಣು ಹೋಗಿ ನಾಲ್ಕು ಬೆರಳಾಯ್ತು. 190 ಹಾಕಿದರೆ ಇನ್ನೂ ಹತ್ತಿರ ಬಂತು, ಆದರೆ ದೂರದ ಗುರಿಗೆ ಕೊನೆ ಕಡಿದ ಅಡಕೆ ಗೊನೆ ಥರ ದೊಪ್ಪಂತ ಇಳಿಯುತ್ತೆ. ಮತ್ತೆ 160ಕ್ಕೇ ಬಂದೆ.

ಗರಿ ಇದ್ದರೆ ಅದು ತಪ್ಪನ್ನೆಲ್ಲ ತಿದ್ದಿ ಮುಚ್ಚಿಹಾಕುತ್ತೆ. ನಿಜ ತಿಳಿಯಬೇಕಾದರೆ ಬೋಳು ಬಾಣ ಬಿಡಬೇಕು. ಅಜ್ಜ ಒಂದೊಂದಾಗಿ ಅಂಟಿಸಿದ ಟರ್ಕಿ ಗರಿಯನ್ನು ಒಂದರಿಂದ ಹೆರೆದೆ. ಆ ಬೋಳು ಬಾಣ ಎಡಕ್ಕೆ ಹೋಗಿ, ಓರೆಯಾಗಿ ನಾಟಿ, ಮೊನೆಯ ಹಿಂದೆ ಲಟಕ್ಕಂತ ಮುರಿಯಿತು. ಮೈದಾನದಲ್ಲಿ ಶುಂಠಿ ವಾಸನೆ. ಅವತ್ತು ಅಲ್ಲಿಂದ ಸೀದಾ ಮನೆಗೆ ಬಂದುಬಿಟ್ಟೆ.

ಉಳಿದ ದಾರಿ ಒಂದೇ, ಉಜ್ಜಿ ಸಣ್ಣ ಮಾಡೋದು. ಗಡುಸುತನ ದಪ್ಪದ ನಾಲ್ಕನೇ ಘಾತದ ಪ್ರಕಾರ ಬದಲಾಗುತ್ತೆ. ಹಾಗಾಗಿ ಒಂಬತ್ತು ಮಿಲಿಮೀಟರ್ ಚಿಲ್ಲರೆ ದಪ್ಪದ ಬಾಣಕ್ಕೆ ಮೂರನೇ ಒಂದು ಮಿಲಿಮೀಟರ್ ಹೋದರೂ ಸಾಕು. ಆದರೆ ಉಜ್ಜಬೇಕಾದ್ದು ನಡುಭಾಗವನ್ನೇ, ಅಜ್ಜನ ಪೆನ್ಸಿಲ್ ಇರೋದೂ ಅಲ್ಲೇ. ಸ್ಯಾಂಡ್ ಪೇಪರ್ ತಂದಿಟ್ಟು ಒಂದು ವಾರ ಮುಟ್ಟಲಿಲ್ಲ. ಆಮೇಲೆ ಕೂತೆ. ಹತ್ತು ಸಲ ಉಜ್ಜೋದು, ಬೇಳೆ ಪ್ಯಾಕೆಟ್ ನೇತು ಹಾಕೋದು, ಅಳೆಯೋದು, ಬೆಂಡಿದ್ದರೆ ಅಂಗೈಯಿಂದ ತಿಕ್ಕಿ ಬಿಸಿ ಮಾಡಿ ನೆಟ್ಟಗೆ ಮಾಡೋದು, ಮತ್ತೆ ಉಜ್ಜೋದು. ಒಂದು ಬಾಣಕ್ಕೆ ಎರಡು ಸಂಜೆ ಹಿಡಿಯಿತು. 0.45 ಇಂಚು ಬಾಗಿದಾಗ ನಿಲ್ಲಿಸಿದೆ. ಮಾರನೇ ದಿನ ಬಿಟ್ಟೆ, ನೋಡಿದ ಕಡೆಗೇ ಹೋಗಿ ಕಚ್ಚಿಕೊಳ್ತು. ಸದ್ದೂ ಬೇರೆ. ಬಿಲ್ಲಿಗೆ ತಗುಲುವ ಆ 'ಟಕ್' ಇಲ್ಲವೇ ಇಲ್ಲ.

ರಾತ್ರಿ ಫೋನ್ ಮಾಡಿ ಉಜ್ಜಿದೆ ಅಂತ ಹೇಳಿದೆ. ಅಜ್ಜ ಸ್ವಲ್ಪ ಹೊತ್ತು ಸುಮ್ಮನಿದ್ದ.

"ಎಷ್ಟಕ್ಕೆ ಇಳಿಸಿದೆ?"

"58."

"ಬರೆದ್ಯಾ?"

"ಇಲ್ಲ."

"ಬರಿ. ವಾರ್ನಿಷ್ ಬಳಿಯೋ ಮೊದಲು ಬರಿ. ಮುಂದಿನವನಿಗೆ ಬೇಕಾಗುತ್ತೆ."

ಅವನು ಬರೆಯುತ್ತಿದ್ದ ಜಾಗದಲ್ಲೇ ಪೆನ್ಸಿಲಿನಲ್ಲಿ 58 ಅಂತ ಬರೆದೆ. ನನ್ನ ಅಕ್ಷರ ಕೆಟ್ಟದಾಗಿದೆ, ಏನು ಮಾಡೋಣ. ಹಾಗೆ ಹತ್ತು ಬಾಣ ಮುಗಿದವು. ಹನ್ನೊಂದನೆಯದನ್ನು ಉಜ್ಜಲಿಲ್ಲ. 67 ಹಾಗೇ ಇದೆ, ಅವನದೇ ಕೈಬರಹ. ಬತ್ತಳಿಕೆಯಲ್ಲೇ ಇಟ್ಟಿದ್ದೀನಿ, ಗೋಡೆಗೆ ಹಾಕಿಲ್ಲ. ಮೈದಾನಕ್ಕೆ ಹೋದ ದಿನ ಮೊದಲು ಅದನ್ನೇ ಬಿಡ್ತೀನಿ. ಎಡಕ್ಕೇ ಹೋಗುತ್ತೆ. ಇದೊಂದು ವಿಷಯ ಅಜ್ಜನಿಗೆ ಹೇಳಿಲ್ಲ.