ಹೊಗೆಯಿಲ್ಲದ ಬೆಂಕಿ

ಚಳಿಯ ದೇಶಗಳಲ್ಲಿ, ಕೊಳವೆಯ ಅನಿಲ ತಲುಪದ ಊರಿನವರು ಸಿಲಿಂಡರುಗಳನ್ನು ಕೊಂಡುತಂದು ಮನೆಯನ್ನೇ ಬೆಚ್ಚಗೆ ಮಾಡಿಕೊಳ್ಳುತ್ತಾರಂತೆ. ನಮ್ಮ ಕರಾವಳಿಯಲ್ಲಿ ಆ ಕೆಲಸವನ್ನು ಸೂರ್ಯದೇವನೇ ಬಿಟ್ಟಿಯಾಗಿ, ನಾವು ಬೇಡವೆಂದರೂ ಬಿಡದೆ, ಮಾಡಿಕೊಡುತ್ತಾನೆ. ನಾವು ಕಾಯಿಸಬೇಕಾದುದು ಮೀಯುವ ನೀರನ್ನು ಮಾತ್ರ. ಮೈಯಿಂದ ಬೆವರು ಹರಿಯುತ್ತಿದ್ದರೂ ಬಿಸಿನೀರು ಸುರಿದುಕೊಳ್ಳದೆ ನಮಗೆ ಮಿಂದಂತಾಗದು. ಆದುದರಿಂದ ನಮ್ಮ ಜಿಲ್ಲೆಯ ಇಂಧನದ ಕಥೆಯನ್ನು ಬಚ್ಚಲಿನಿಂದಲೇ ಆರಂಭಿಸುವುದು ಯುಕ್ತ.

ಕಾಪುವಿನ ನಮ್ಮ ಮನೆಯ ಬಚ್ಚಲು ಹಿತ್ತಿಲ ಕಡೆಗಿದೆ. ಒಲೆಯ ಮೇಲೆ ಕೂರಿಸಿದ ತಾಮ್ರದ ಹಂಡೆ. ಅದರ ಕೆಳಗೆ ತೆಂಗಿನ ಮರ ಉದುರಿಸಿದ್ದೆಲ್ಲ—ಮಡಲು, ಕೊತ್ತಳಿಗೆ, ಸಿಪ್ಪೆ, ಗೆರಟೆ. ಕಾರ್ಕಳದ ಸೋದರಮಾವನ ಮನೆಯಲ್ಲಾದರೆ ಗುಡ್ಡದ ಸೌದೆ. ದೀಪಾವಳಿಯ ನೀರು ತುಂಬುವ ಹಬ್ಬದಂದು ಹಂಡೆಯನ್ನು ಹುಳಿ ಹಾಕಿ ತಿಕ್ಕಿ, ಶೇಡಿಯ ಗೆರೆ ಬರೆದು, ಬಳ್ಳಿ ಸುತ್ತಿದಾಗ ಅದಕ್ಕೆ ಮದುಮಗಳ ಕಳೆ ಬರುತ್ತಿತ್ತು. ಆದರೆ ಆಟಿ ತಿಂಗಳಲ್ಲಿ ನೋಡಬೇಕು! ಒದ್ದೆ ಸಿಪ್ಪೆಗೆ ಊದುಗೊಳವೆಯಿಂದ ಊದಿ ಊದಿ ಅಜ್ಜಿಯ ಕಣ್ಣು ಕೆಂಡವಾಗುತ್ತಿತ್ತು. ಕೆಮ್ಮು ರಾತ್ರಿಯವರೆಗೂ ಬಿಡುತ್ತಿರಲಿಲ್ಲ. ಬಚ್ಚಲಿನ ಗೋಡೆ ಮಾಡಿಗೆ ತಾಗದೆ ಮೇಲ್ಗಡೆ ಮೊಣಕೈ ಉದ್ದದ ತೆರವು ಇದ್ದುದರಿಂದ ಹೊಗೆ ಹೇಗೋ ಹೊರಗೆ ಹೋಗುತ್ತಿತ್ತು.

1965ರಲ್ಲಿ ಕಲ್ಕತ್ತೆಯಲ್ಲಿ ಇಂಡೇನ್ ಅನಿಲದ ಮೊದಲ ಸಂಪರ್ಕ ಕೊಡಲ್ಪಟ್ಟಿತು. ಹಳ್ಳಿಯ ಒಲೆಗಳ ತನಕ ಅದು ಬರಲು ಬಹುಕಾಲ ಹಿಡಿಯಿತು; ಬಡಕುಟುಂಬದ ಹೆಂಗಸರ ಹೆಸರಿನಲ್ಲಿ ಸಂಪರ್ಕ ಕೊಡುವ ಉಜ್ವಲ ಯೋಜನೆ ಆರಂಭವಾದುದು 2016ರಲ್ಲಿ. ಮನೆಗೆ ಬರುವ ಸಿಲಿಂಡರಿನಲ್ಲಿ 14.2 ಕಿಲೋಗ್ರಾಂ ಅನಿಲ, ಒತ್ತಡದಿಂದ ದ್ರವವಾಗಿ ಅಡಗಿರುತ್ತದೆ. ಹಿಡಿಕೆಯ ಬಳಿ ಒಂದು ಅಕ್ಷರ, ಎರಡು ಅಂಕೆಗಳಿರುವುದನ್ನು ಎಷ್ಟು ಮಂದಿ ಗಮನಿಸಿದ್ದೀರಿ? ಅದು ಸಿಲಿಂಡರನ್ನು ಮತ್ತೆ ಪರೀಕ್ಷಿಸಬೇಕಾದ ಅವಧಿ. 'ಎ' ಎಂದರೆ ಜನವರಿಯಿಂದ ಮಾರ್ಚ್, 'ಡಿ' ಎಂದರೆ ವರ್ಷದ ಕೊನೆಯ ಮೂರು ತಿಂಗಳು, ಅಂಕೆ ಇಸವಿಯದು. ಅವಧಿ ಮೀರಿದ್ದನ್ನು ಪಡೆಯದೆ ಹಿಂದಕ್ಕೆ ಕಳುಹಿಸಬೇಕು.

ಸಿಲಿಂಡರಿನೊಳಗಿರುವುದು ಪ್ರೊಪೇನ್ ಮತ್ತು ಬ್ಯೂಟೇನ್‌ಗಳ ಮಿಶ್ರಣ. ಬ್ಯೂಟೇನ್ ಸೊನ್ನೆ ಡಿಗ್ರಿಯ ಚಳಿಗೆ ದ್ರವವಾಗಿಯೇ ಕುಳಿತುಬಿಡುತ್ತದೆ. ಪ್ರೊಪೇನ್ ಅದಕ್ಕಿಂತ ಸುಮಾರು 42 ಡಿಗ್ರಿ ಕೆಳಗಿನವರೆಗೂ ಆವಿಯಾಗುತ್ತದೆ. ಹಿಮದ ನಾಡಿನವರು ಹೊರಗಿಡುವ ಸಿಲಿಂಡರಿಗೆ ಪ್ರೊಪೇನನ್ನೇ ಆರಿಸುವುದು ಇದಕ್ಕಾಗಿ. ನಮಗೆ ಆ ಚಿಂತೆಯಿಲ್ಲ. ಆದರೆ ಅವರಿಗೂ ನಮಗೂ ಸಮಾನವಾದ ಒಂದು ಚಿಂತೆಯಿದೆ. ಅದನ್ನು ನಾನು ತಿಳಿದದ್ದು ಅಕ್ಕನ ಮನೆಯಲ್ಲಿ.

ಅಕ್ಕ, ಭಾವ ಮಣಿಪಾಲದಲ್ಲಿ ಬಿಡಾರ ಮಾಡಿದ್ದಾರೆ. ಅಲ್ಲಿಯ ಬಚ್ಚಲು ಒಂದು ಕಪಾಟಿನಷ್ಟು ಅಗಲ. ಗೋಡೆಯಲ್ಲಿ ಗ್ಯಾಸ್ ಗೀಸರ್. ನಲ್ಲಿ ತಿರುಗಿಸಿದೊಡನೆ ಬಿಸಿನೀರು. ಕಳೆದ ಮಳೆಗಾಲದಲ್ಲಿ ಇರಚಲು ಹೊಡೆಯುತ್ತದೆಂದು ಕಿಟಕಿಗೆ ಹಲಗೆ ಬಡಿದಿದ್ದರು. ಅಂದಿನಿಂದ ಮಿಂದು ಬಂದಾಗಲೆಲ್ಲ ಅಕ್ಕನಿಗೆ ತಲೆನೋವು, ಓಕರಿಕೆ. ನಿದ್ದೆ ಸಾಲದೆಂದು ಒಬ್ಬರು, ಪಿತ್ತವೆಂದು ಇನ್ನೊಬ್ಬರು ಹೇಳಿದರು. ನೋಡಲು ಬಂದ ಅಜ್ಜಿ ಮಾತ್ರ ಬಚ್ಚಲಿನೊಳಗೆ ನಿಂತು ನಾಲ್ಕು ಗೋಡೆಗಳನ್ನೂ ನೋಡಿ, "ಮಗಾ, ಇದರ ಹೊಗೆ ಹೋಗುವುದೆಲ್ಲಿಂದ?" ಎಂದು ಕೇಳಿದರು. "ಗ್ಯಾಸಿಗೆ ಹೊಗೆಯೇ ಇಲ್ಲ ಅಜ್ಜಿ" ಎಂದರು ಭಾವ. "ಬೆಂಕಿ ಉಂಟಲ್ಲ?" ಎಂದರು ಅಜ್ಜಿ.

ಆ ಪ್ರಶ್ನೆಗೆ ರಸಾಯನಶಾಸ್ತ್ರವೂ ತಲೆಬಾಗಬೇಕು. ಮುಚ್ಚಿದ ಕೋಣೆಯಲ್ಲಿ ಬೆಂಕಿ ಉರಿದರೆ ಆಮ್ಲಜನಕ ಕಡಿಮೆಯಾಗುತ್ತದೆ. ಅರೆಬರೆ ಉರಿದ ಅನಿಲದಿಂದ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಅದು ರಕ್ತದ ಹಿಮೋಗ್ಲೋಬಿನ್ನನ್ನು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮಿಕ್ಕಿ ಬಿಗಿಯಾಗಿ ಹಿಡಿಯುತ್ತದೆ. ಸಿಲಿಂಡರಿನ ಅನಿಲ ಸೋರಿದರೆ ನಮಗೆ ಗೊತ್ತಾಗಲೆಂದೇ ಅದಕ್ಕೆ ದುರ್ವಾಸನೆಯ ಮರ್ಕಾಪ್ಟನ್ ಬೆರೆಸಿರುತ್ತಾರೆ. ಈ ವಿಷಕ್ಕಾದರೋ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವನ್ನು ಲಕ್ಷಿಸದೆ ಬಾಗಿಲು ಹಾಕಿಕೊಂಡು ಮಿಂದವರು ಬಚ್ಚಲಿನಿಂದ ಜೀವಸಹಿತ ಹೊರಬಾರದ ಸುದ್ದಿಗಳನ್ನು ನಾವು ಪತ್ರಿಕೆಗಳಲ್ಲಿ ಓದುತ್ತಲೇ ಇದ್ದೇವೆ. ಸೌದೆಯ ಹೊಗೆ ಕಣ್ಣು ಉರಿಸಿ, ಕೆಮ್ಮಿಸಿ, ನಮ್ಮನ್ನು ಹೊರಗಟ್ಟುತ್ತಿತ್ತು. ಇದು ನಿದ್ದೆ ಬರಿಸುತ್ತದೆ.

ಮರುದಿನವೇ ಉಡುಪಿಯಿಂದ ಕೆಲಸದವರು ಬಂದು ಗೀಸರನ್ನು ಹಿಂದಿನ ತೆರೆದ ಜಗಲಿಗೆ ಸ್ಥಳಾಂತರಿಸಿದರು. ಬಚ್ಚಲಿಗೆ ಬಿಸಿನೀರಿನ ಕೊಳವೆ ಮಾತ್ರ ಬಂತು. ಕಿಟಕಿಯ ಹಲಗೆಯೂ ಹೋಯಿತು. ಅಕ್ಕನ ತಲೆನೋವು ಮತ್ತೆ ಬರಲಿಲ್ಲ.

ಸೌದೆಯ ಒಲೆಗೆ ಮರಳೋಣವೆಂದು ನಾನು ಹೇಳುತ್ತಿಲ್ಲ; ಅಜ್ಜಿಯ ಕಣ್ಣುಗಳನ್ನು ಕಂಡವರು ಯಾರೂ ಹಾಗೆ ಹೇಳಲಾರರು. ಆದರೆ ಹಳೆಯ ಬಚ್ಚಲನ್ನು ಕೆಡವುವಾಗ ಅದರ ಮೇಲ್ಗಡೆಯ ತೆರವನ್ನು ನಾವು ಮರೆಯಬಾರದಿತ್ತು. ಉಡುಪಿ, ಮಣಿಪಾಲಗಳಲ್ಲಿ ಕೋಣೆ ಹಿಡಿಯಲು ಹೊರಡುವ ಸಹಪಾಠಿಗಳು ಬಾಡಿಗೆ ಎಷ್ಟು, ನೀರು ಉಂಟೋ ಎಂದು ಕೇಳಿದ ಮೇಲೆ ಅಜ್ಜಿಯ ಪ್ರಶ್ನೆಯನ್ನೂ ಒಮ್ಮೆ ಕೇಳಲಿ.