ಆರು ನಿಮಿಷದ ಮೇಷ್ಟ್ರು

ಒಂದನೇ ಕ್ಲಾಸಿನ ಮಕ್ಕಳಿಗೆ ಅಕ್ಷರ ತಿದ್ದಿಸಬೇಕಾದರೆ ಡಿ.ಎಡ್. ಆಗಿರಬೇಕು. ಹೈಸ್ಕೂಲಿಗೆ ಬಿ.ಎಡ್. ಬೇಕು. ಡಿಗ್ರಿ ಕಾಲೇಜಿಗೆ ಬಂದರೆ ಮಾತ್ರ ಎಂ.ಎ.ಯಲ್ಲಿ ಶೇಕಡ 55 ಅಂಕ, ಮೇಲೊಂದು ನೆಟ್ಟೋ ಸ್ಲೆಟ್ಟೋ ಇದ್ದರೆ ಸಾಕು. ಪಾಠ ಮಾಡಲು ಬರುತ್ತದೆಯೇ ಎಂದು ಯಾರೂ ಕೇಳುವುದಿಲ್ಲ. ಕೇಳಿದರೆ ಅಮರ್ಯಾದೆ ಎಂಬ ಭಾವನೆಯೂ ಇದೆ. ನಾನು ಸೇರಿದ ಕಾಲಕ್ಕೆ ನೆಟ್ ಕೂಡ ಹುಟ್ಟಿರಲಿಲ್ಲ. ಪ್ರಿನ್ಸಿಪಾಲರು ಒಂದು ಹಾಜರಿ ಪುಸ್ತಕ, ಎರಡು ಚಾಕ್‌ಪೀಸು ಕೈಗಿಟ್ಟು, "ಮೇಲಿನ ಮಹಡಿ, ಕೊನೇ ರೂಮು, ಹೋಗಿ" ಎಂದರು. ಶಿಕ್ಷಣಶಾಸ್ತ್ರದಲ್ಲಿ ನನಗಾದ ಮೊದಲ ತರಬೇತಿ ಅದು. ಹೋದೆ, ಬಾಗಿಲು ಹಾಕಿಕೊಂಡು ಪಾಠ ಶುರುಮಾಡಿದೆ.

ಆ ಬಾಗಿಲಿನ ಆಚೆ ಏನು ನಡೆಯುತ್ತದೆ ಎಂಬ ಅನುಮಾನ ಸರ್ಕಾರಕ್ಕೆ ಬಂದದ್ದು 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಹೊತ್ತಿಗೆ. ಅದರ ಬೆನ್ನಿಗೇ ಯುಜಿಸಿ ಅಕಾಡೆಮಿಕ್ ಸ್ಟಾಫ್ ಕಾಲೇಜುಗಳನ್ನು ತೆರೆಯಿತು. ಮೊದಲ ಹಂತದಲ್ಲೇ ದೇಶದಲ್ಲಿ 48 ಆದವು. ಮೈಸೂರಿನ ಮಾನಸಗಂಗೋತ್ರಿಗೂ ಒಂದು ಬಂತು. ಹೊಸಬರಿಗೆ ನಾಲ್ಕು ವಾರದ ಓರಿಯಂಟೇಶನ್, ಸ್ವಲ್ಪ ಹಳಬರಾದವರಿಗೆ ಮೂರು ವಾರದ ರಿಫ್ರೆಶರ್. ಇವು ಆಗದೆ ಸೀನಿಯರ್ ಸ್ಕೇಲ್ ಇಲ್ಲ ಎಂದು ನಿಯಮ ಬಂದ ಮೇಲೆ ನಾಡಿನ ಅಧ್ಯಾಪಕರಲ್ಲಿ ಜ್ಞಾನದಾಹ ಉಕ್ಕಿ ಹರಿಯಿತು. ನಾನೂ ಅರ್ಜಿ ಹಾಕಿದೆ. ಯಾವ ವಿಶ್ವವಿದ್ಯಾಲಯ ಎಂಬುದು ಬೇಡ. ಅಲ್ಲಿನ ಗೆಸ್ಟ್ ಹೌಸಿನ ನೀರಿನ ಬಗ್ಗೆ ಮುಂದೆ ಬರೆಯುವ ಆಸೆ ಇದೆ.

ನಲವತ್ತು ಅಧ್ಯಾಪಕರನ್ನು ಒಂದು ಕೋಣೆಯಲ್ಲಿ ಕೂರಿಸಿದರೆ ಅವರು ವಿದ್ಯಾರ್ಥಿಗಳಾಗಲು ಅರ್ಧ ಗಂಟೆ ಬೇಕಿಲ್ಲ. ಹಿಂದಿನ ಬೆಂಚು ಮೊದಲು ತುಂಬಿತು. ತನ್ನ ಕಾಲೇಜಿನಲ್ಲಿ ತಡವಾಗಿ ಬಂದವರನ್ನು ಹೊರಗೆ ನಿಲ್ಲಿಸುತ್ತಿದ್ದ ಗಣಿತದ ಮೇಷ್ಟ್ರು ಹತ್ತೂಮುಕ್ಕಾಲಿಗೆ ಬಂದು, "ಬಸ್ಸು ಸಾರ್" ಎಂದರು. ಮಧ್ಯಾಹ್ನದ ಹಾಜರಿಗೆ ಇನ್ನೊಬ್ಬರ ರುಜು ಹಾಕುವ ಕಲೆಯನ್ನು ಕಾಮರ್ಸಿನವರು ಬೇಗ ಕರಗತ ಮಾಡಿಕೊಂಡರು. ರಿಸೋರ್ಸ್ ಪರ್ಸನ್ ಎಂದು ಬಂದವರಲ್ಲಿ ಅನೇಕರು ಬೆಂಜಮಿನ್ ಬ್ಲೂಮ್ 1956ರಲ್ಲಿ ಕಟ್ಟಿದ ಕಲಿಕೆಯ ಆರು ಮೆಟ್ಟಿಲುಗಳನ್ನು ಬೋರ್ಡಿನ ಮೇಲೆ ಬರೆದರು. ಒಬ್ಬರು ಬರೆದು ಹೋದರೆ ಇನ್ನೊಬ್ಬರು ಬಂದು ಅದನ್ನೇ ಅಳಿಸಿ ಅದನ್ನೇ ಬರೆಯುತ್ತಿದ್ದರು. ಊಟದ ನಂತರ ನಾವು ಮೊದಲ ಮೆಟ್ಟಿಲಿನ ಮೇಲೆಯೇ ಒರಗಿ ನಿದ್ದೆ ಹೋಗುತ್ತಿದ್ದೆವು. ಟೀ ಹೊತ್ತಿಗೆ ಸರಿಯಾಗಿ ಎದ್ದುನಿಂತು ಪ್ರಶ್ನೆ ಕೇಳುವ ಸಮಾಜಶಾಸ್ತ್ರದವರೊಬ್ಬರಿದ್ದರು. ಅವರೊಡನೆ ಯಾರೂ ಊಟಕ್ಕೆ ಕೂರುತ್ತಿರಲಿಲ್ಲ.

ಹೀಗೆ ದಿನಗಳು ಸುಖವಾಗಿ ಕಳೆಯುತ್ತಿರುವಾಗ ಮೈಕ್ರೋ ಟೀಚಿಂಗ್ ಬಂತು.

ಇದು 1960ರ ದಶಕದಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಡ್ವೈಟ್ ಆಲನ್ ಮತ್ತು ಅವರ ಸಂಗಡಿಗರು ರೂಪಿಸಿದ್ದು. ಪೂರ್ತಿ ಪಾಠ ಬೇಡ, ಚೂರು ಪಾಠ ಸಾಕು. ಪ್ರಶ್ನೆ ಕೇಳುವುದೋ, ಉದಾಹರಣೆ ಕೊಡುವುದೋ, ಬೋರ್ಡು ಬಳಸುವುದೋ, ಯಾವುದಾದರೂ ಒಂದೇ ಕೌಶಲ. ನಮ್ಮ ದೇಶಕ್ಕೆ ಎನ್‌ಸಿಇಆರ್‌ಟಿ ಹೊಂದಿಸಿಕೊಟ್ಟ ಲೆಕ್ಕದಲ್ಲಿ ಆರು ನಿಮಿಷ ಪಾಠ, ಆರು ನಿಮಿಷ ಟೀಕೆ, ಹನ್ನೆರಡು ನಿಮಿಷ ತಿದ್ದಿಕೊಳ್ಳುವುದು, ಆಮೇಲೆ ಮತ್ತೆ ಆರು ನಿಮಿಷ ಪಾಠ, ಮತ್ತೆ ಆರು ನಿಮಿಷ ಟೀಕೆ; ಒಟ್ಟು 36. ನಮ್ಮಲ್ಲಿ ಮೊದಲ ಟೀಕೆಯ ಹೊತ್ತಿಗೇ ಊಟದ ಗಂಟೆ ಆಗುತ್ತಿದ್ದುದರಿಂದ ತಿದ್ದಿಕೊಳ್ಳುವ ಹನ್ನೆರಡು ನಿಮಿಷವನ್ನು ಎಲ್ಲರೂ ಮನೆಗೆ ಕಟ್ಟಿಕೊಂಡು ಹೋಗಬೇಕಾಯಿತು.

ಆ ಬೆಳಿಗ್ಗೆ ಕೋಣೆಗೆ ಬೇರೆಯದೇ ಕಳೆ. ಹತ್ತು ಹದಿನೈದು ವರ್ಷ ಪಾಠ ಹೇಳಿದ ಘಟಾನುಘಟಿಗಳು ಅಂಗೈ ಒರೆಸಿಕೊಳ್ಳುತ್ತಿದ್ದರು. ಒಬ್ಬರಿಗೆ ಜ್ವರ ಬಂದೇಬಿಟ್ಟಿತು. ನೂರಿಪ್ಪತ್ತು ಹುಡುಗರ ಮುಂದೆ ಹೆದರದವರು ನಲವತ್ತು ಸಹೋದ್ಯೋಗಿಗಳ ಮುಂದೆ ನಡುಗುವುದೇಕೆ? ಹುಡುಗರಿಗೆ ನಾವು ಏನು ಬಿಟ್ಟೆವೆಂದು ಗೊತ್ತಾಗುವುದಿಲ್ಲ, ಮೇಷ್ಟ್ರಿಗೆ ಗೊತ್ತಾಗುತ್ತದೆ, ಅಷ್ಟೇ ವಿಷಯ. ರಸಾಯನಶಾಸ್ತ್ರದವರು ಆರು ನಿಮಿಷದಲ್ಲಿ ಎಷ್ಟು ಸಲ "ಅರ್ಥ ಆಯ್ತಾ?" ಎಂದರು ಎಂಬುದಕ್ಕೆ ಪ್ರಾಣಿಶಾಸ್ತ್ರದ ಮೇಡಂ ನೋಟ್‌ಬುಕ್ಕಿನಲ್ಲಿ ಗೀಟು ಎಳೆದು ಲೆಕ್ಕ ಇಟ್ಟಿದ್ದರು. ಪುಟ ತೋರಿಸಿದಾಗ ಅವರು, "ಇಷ್ಟೂ ನಾನೇ ಅಂದದ್ದಾ ಮೇಡಂ?" ಎಂದರು. ಊಟ ಮುಗಿಯುವವರೆಗೂ ಮಾತಾಡಲಿಲ್ಲ. ಸಂಜೆ ಮೇಡಂಗೆ ತಾವೇ ಕಾಫಿ ಕೊಡಿಸಿದರು.

ನನಗೆ ಇಂದಿಗೂ ಕಣ್ಣಿಗೆ ಕಟ್ಟಿದಂತಿರುವವರು ಶಿರಸಿ ಕಡೆಯ ಇತಿಹಾಸದ ಮೇಷ್ಟ್ರು. ಅದುವರೆಗೆ ಅವರು ಮಾತಾಡಿದ್ದನ್ನೇ ಕಂಡಿರಲಿಲ್ಲ. ಕವಳದಿಂದ ಬಾಯಿ ತುಂಬಿರುತ್ತಿತ್ತು. ಅವತ್ತು ಬಾಯಿ ತೊಳೆದುಕೊಂಡು ಬಂದು ರೈತವಾರಿ ಪದ್ಧತಿಯ ಪಾಠ ತೆಗೆದರು. ಅದಕ್ಕಿಂತ ಒಣ ವಿಷಯ ಇತಿಹಾಸದಲ್ಲಿ ಸಿಗುವುದು ಕಷ್ಟ. ಬೋರ್ಡಿನ ಮೇಲೆ ಏನೂ ಬರೆಯದೆ ಕೇಳಿದರು: "ನಿಮ್ಮ ಮನೆ ಜಮೀನಿನ ಪಹಣಿ ಯಾರ ಹೆಸರಿನಲ್ಲಿದೆ?"

ಕೋಣೆ ಗಪ್‌ಚಿಪ್. ಒಬ್ಬರು ಅಜ್ಜನ ಹೆಸರು ಎಂದರು, ಇನ್ನೊಬ್ಬರು ದೊಡ್ಡಪ್ಪನದು. ಭೌತಶಾಸ್ತ್ರದವರು ಎದ್ದುನಿಂತು, ತಮ್ಮನ ಮೇಲೆ ಹಾಕಿರುವ ದಾವೆಯ ವಿವರಕ್ಕೇ ಇಳಿದರು. ಅವರು ಮುಗಿಸುವವರೆಗೂ ಸುಮ್ಮನಿದ್ದ ಮೇಷ್ಟ್ರು, "ಹೀಗೆ ಒಬ್ಬೊಬ್ಬ ರೈತನ ಹೆಸರು ಬರೆದುಕೊಂಡು, ಅವನ ಕೈಯಿಂದಲೇ ನೇರವಾಗಿ ಕಂದಾಯ ತೆಗೆದುಕೊಳ್ಳಬೇಕು ಅಂತ ಹಟ ಹಿಡಿದ ಒಬ್ಬ ಕಲೆಕ್ಟರ್ ಇದ್ದ" ಎಂದು ಥಾಮಸ್ ಮನ್ರೋನನ್ನು ಒಳಗೆ ಕರೆತಂದರು. ಟಿಪ್ಪು ಮಡಿದ 1799ರಲ್ಲೇ ಅವನು ಕೆನರಾಕ್ಕೆ ಬಂದದ್ದು, ಮರುವರ್ಷ ಬಳ್ಳಾರಿ ಕಡೆಗೆ ಹೋದದ್ದು, ನಡುವೆ ಜಮೀನ್ದಾರ ಬೇಡವೆಂದದ್ದು, ಆ ಜಾಗಕ್ಕೆ ಸರ್ಕಾರವೇ ಬಂದು ಕೂತದ್ದು, ಎಲ್ಲ ಆರು ನಿಮಿಷದಲ್ಲಿ. ಆರೇ ಎಂದು ಹೇಳಲಾರೆ. ಗಂಟೆ ಬಾರಿಸಬೇಕಾದ ಸಂಯೋಜಕರು ತಮ್ಮ ಊರಿನ ಪಹಣಿ ನೆನೆಯುತ್ತಾ ಕೂತುಬಿಟ್ಟಿದ್ದರು.

ಟೀಕೆ ಮಾಡಲು ಯಾರಿಗೂ ಮನಸ್ಸಾಗಲಿಲ್ಲ. "ಸರ್ವೀಸ್ ಎಷ್ಟಾಯ್ತು ಸಾರ್?" ಎಂದು ಯಾರೋ ಕೇಳಿದರು.

"ಹದಿನೇಳು ವರ್ಷ. ನಮ್ಮ ಜಾತಿಯವರು ಕೂತು ನನ್ನ ಪಾಠ ಕೇಳಿದ್ದು ಇದೇ ಮೊದಲು ಮಾರಾಯ್ರೆ" ಎಂದರು. ನಮ್ಮ ಜಾತಿ ಎಂದದ್ದು ಮೇಷ್ಟ್ರ ಜಾತಿ. ಎಲ್ಲರೂ ನಕ್ಕೆವು. ನಗು ಬೇಗ ಇಳಿಯಿತು. ನಮ್ಮದೂ ಅದೇ ಕತೆ.

ಯಕ್ಷಗಾನದ ವೇಷಧಾರಿ ಕುಣಿಯುವಾಗ ಹಿಂದೆ ಭಾಗವತರು ಕೂತಿರುತ್ತಾರೆ, ಹೆಜ್ಜೆ ತಪ್ಪಿದರೆ ಚೌಕಿಯಲ್ಲಿ ಹೇಳುತ್ತಾರೆ. ಬಿ.ಎಡ್. ಓದುವ ಹುಡುಗಿಯ ಪಾಠಕ್ಕೂ ಹಿಂದಿನ ಬೆಂಚಿನಲ್ಲಿ ಒಬ್ಬ ಮೇಲ್ವಿಚಾರಕರಿರುತ್ತಾರೆ. ಕಾಲೇಜು ಮೇಷ್ಟ್ರು ಮಾತ್ರ ಕಸುಬುದಾರನ ಕಣ್ಣಿಗೆ ಬೀಳದೆ ನಿವೃತ್ತನಾಗುತ್ತಾನೆ. ಕಾಲೇಜಿನ ಸಂಯೋಜನೆಗೆಂದು ವಿಶ್ವವಿದ್ಯಾಲಯದ ತಪಾಸಣಾ ಸಮಿತಿ ಬಂದರೆ ಲೈಬ್ರರಿಯ ಪುಸ್ತಕ ಎಣಿಸುತ್ತದೆ, ಗುಣಮಟ್ಟ ಅಳೆಯುವ ನ್ಯಾಕ್ ತಂಡ ಬಂದರೆ ಫೈಲು ನೋಡುತ್ತದೆ. ಟಿ.ಎಸ್. ವೆಂಕಣ್ಣಯ್ಯನವರ ಪಾಠದ ಸೊಗಸು ನಮಗೆ ತಿಳಿದದ್ದು ಅವರ ಶಿಷ್ಯರಿಂದ. ಅವರಲ್ಲಿ ಕುವೆಂಪು ಇದ್ದರು, ಶ್ರೀರಾಮಾಯಣ ದರ್ಶನಂ ಆ ಗುರುವಿಗೇ ಅರ್ಪಿತವಾಯಿತು. ಎಲ್ಲರ ಹಾಜರಿ ಪುಸ್ತಕದಲ್ಲೂ ಕುವೆಂಪು ಇರುವುದಿಲ್ಲವಲ್ಲ! ಶಿರಸಿಯ ಮೇಷ್ಟ್ರ ಮನ್ರೋ ಎಲ್ಲಿ ಉಳಿದ? ಕೊನೆಯ ದಿನ ಎಲ್ಲರಿಗೂ ಒಂದೇ ಅಳತೆಯ ಸರ್ಟಿಫಿಕೇಟು ಕೊಟ್ಟರು. ಪ್ರಶ್ನೆ ಕೇಳುತ್ತಿದ್ದ ಸಮಾಜಶಾಸ್ತ್ರದವರಿಗೂ ಅದೇ.

ಆಮೇಲೆ ಸ್ಟಾಫ್ ಕಾಲೇಜಿನ ಹೆಸರು 2015ರ ಹೊತ್ತಿಗೆ ಮಾನವ ಸಂಪನ್ಮೂಲ ಅಭಿವೃದ್ಧಿ ಕೇಂದ್ರವಾಯಿತು, 2023ರಲ್ಲಿ ಮಾಳವೀಯ ಮಿಷನ್ನಿನ ಕೇಂದ್ರವಾಯಿತು. ಕೋರ್ಸುಗಳು ಬಹುಪಾಲು ಮೊಬೈಲಿನೊಳಕ್ಕೆ ಬಂದಿವೆ. ಡಿಗ್ರಿ ಕಾಲೇಜಿನಲ್ಲಿ ಕಾಮರ್ಸ್ ಹೇಳುವ ನನ್ನ ಮಗಳು ಕ್ಯಾಮೆರಾ ಆರಿಸಿ, ಫೋನನ್ನು ಮಿಕ್ಸಿಗೆ ಒರಗಿಸಿ, ಹುರುಳಿಕಾಯಿ ಬಿಡಿಸುತ್ತಾ ತರಬೇತಿ ಹೊಂದುತ್ತಾಳೆ. ಅವಳನ್ನು ಅನ್ನುವಂತಿಲ್ಲ, ಮನೆ, ಮಕ್ಕಳನ್ನು ಬಿಟ್ಟು ನಾಲ್ಕು ವಾರ ಪರಊರಿಗೆ ಹೋಗಲು ನನಗಿದ್ದ ಸಲೀಸು ಅವಳಿಗಿಲ್ಲ. ನನ್ನ ಹೆಂಡತಿಗೂ ಇರುತ್ತಿರಲಿಲ್ಲ.

ಮೊನ್ನೆ ಕೇಳಿಯೇಬಿಟ್ಟೆ: "ನಿನ್ನ ಪಾಠ ಒಂದು ದಿನ ಹಿಂದೆ ಕೂತು ಕೇಳಲೇನೇ?"

ಕೈಯಲ್ಲಿದ್ದ ಹುರುಳಿಕಾಯಿ ಕೈಯಲ್ಲೇ ನಿಂತಿತು. "ಯಾಕಪ್ಪಾ, ಯಾರಾದ್ರೂ ಏನಾದ್ರೂ ಹೇಳಿದ್ರಾ?"

"ಸುಮ್ಮನೆ."

"ಜಿಯೋಟ್ಯಾಗ್ ಫೋಟೋ ತೆಗೆಸಿ ಅತಿಥಿ ಉಪನ್ಯಾಸ ಅಂತ ನ್ಯಾಕ್ ಫೈಲಿಗೆ ಸೇರಿಸಬಹುದು."

"ಉಪನ್ಯಾಸ ಕೊಡೋದಕ್ಕಲ್ಲಮ್ಮ, ಕೇಳೋದಕ್ಕೆ ಬರ್ತೀನಿ ಅಂದೆ."

"ಕೇಳೋರಿಗೆ ಅದರಲ್ಲಿ ಕಾಲಂ ಇಲ್ಲ" ಎಂದಳು. ಕುಕ್ಕರ್ ಕೂಗಿತು. ಎದ್ದು ಆರಿಸಿ ಬಂದವಳು ಏನನ್ನೋ ಲೆಕ್ಕ ಹಾಕಿ, ಗುರುವಾರ ಮೂರನೇ ಪೀರಿಯಡ್ ಕಾಸ್ಟ್ ಅಕೌಂಟಿಂಗ್ ಇದೆ, ಬೇಕಾದರೆ ಬಾ ಎಂದಳು. ನಾನು ಕನ್ನಡದವನು, ಅದರ ಗಂಧಗಾಳಿ ಇಲ್ಲ. ನಿದ್ದೆ ಮಾಡಬಾರದು, ಯಾರಾದರೂ ಕೇಳಿದರೆ ಅಪ್ಪ ಅನ್ನಬಾರದು, ಪೇರೆಂಟ್ ಅನ್ನಬೇಕು ಎಂದು ಎರಡು ಷರತ್ತು ಹಾಕಿದ್ದಾಳೆ.