ಅಂಕದ ಕಣ, ಮಲ್ಲರ ಮಟ್ಟಿ

ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ವು (ಸು. ಕ್ರಿ.ಶ. 1129) ಅರಸನಾದವನು ಅರಿತಿರಬೇಕಾದ ವಿಷಯಗಳ ದೊಡ್ಡ ಕೋಶ. ಆನೆ, ಕುದುರೆ, ಅಡುಗೆ, ಸಂಗೀತ, ಚಿತ್ರಕಲೆ ಮೊದಲಾದವುಗಳ ನಡುವೆ ಅದರ ವಿನೋದ ಭಾಗದಲ್ಲಿ ಅಂಕವಿನೋದ, ಮಲ್ಲವಿನೋದಗಳೆಂಬ ಎರಡು ಪ್ರಕರಣಗಳು ಬರುತ್ತವೆ. ಎರಡರಲ್ಲಿಯೂ ಅರಸನ ಎದುರಿಗೆ ಇಬ್ಬರು ಸೆಣಸುತ್ತಾರೆ. ನೋಡುವವರು ನೋಡಿ ಸಂತೋಷಪಡುತ್ತಾರೆ. ಆದರೂ ಇವೆರಡನ್ನು ಒಂದೇ ಪ್ರಕರಣದಲ್ಲಿ ಅಡಕಗೊಳಿಸಲು ಸೋಮೇಶ್ವರನು ಒಪ್ಪಲಿಲ್ಲ. ಅಂಕದಲ್ಲಿ ಆಯುಧವಿದೆ, ಸಾವಿನ ಸಾಧ್ಯತೆಯಿದೆ. ಅದಕ್ಕಿಂತ ಮುಖ್ಯವಾಗಿ, ಅಲ್ಲಿ ಕಾದುವವನಿಗೊಂದು ಕಾರಣವಿದೆ: ಹಳೆಯ ವೈರ, ನೆಲದ ವ್ಯಾಜ್ಯ, ಬಿರುದಿನ ಮೇಲಿನ ಮತ್ಸರ. ಮಲ್ಲನಿಗೆ ಎದುರಾಳಿಯ ಮೇಲೆ ಯಾವ ದ್ವೇಷವೂ ಇಲ್ಲ. ಅವನು ಅರಮನೆಯ ಅನ್ನ ತಿಂದು ಬೆಳೆದವನು, ಅರಮನೆಗಾಗಿ ಸೆಣಸುವವನು.

ಆ ಅನ್ನದ ವಿಚಾರವನ್ನು ಗ್ರಂಥಕರ್ತನು ಸಾಕಷ್ಟು ವಿವರವಾಗಿಯೇ ಹೇಳುತ್ತಾನೆ. ಮಲ್ಲರಲ್ಲಿ ಜ್ಯೇಷ್ಠಿಕ, ಅಂತರಜ್ಯೇಷ್ಠಿಕ, ಗೋವಳ ಎಂಬ ದರ್ಜೆಗಳಿವೆ. ಅವರಿಗೆ ಬೇಳೆಕಾಳು, ಮಾಂಸ, ಹಾಲು, ತುಪ್ಪಗಳನ್ನು ಭಂಡಾರದಿಂದಲೇ ಕೊಡಿಸಬೇಕು. ಹೆಂಗಸರ ಸಹವಾಸದಿಂದ ಅವರನ್ನು ದೂರವಿರಿಸಬೇಕು. ಭಾರವನ್ನೆತ್ತುವುದು, ದೂರ ನಡೆಯುವುದು, ನೀರಿನಲ್ಲಿ ಈಜುವುದು, ಜೊತೆಗಾರನ ತೋಳಿಗೆ ತೋಳೊಡ್ಡಿ ನೂಕುವುದು, ಕಂಬವನ್ನು ಅಪ್ಪಿ ಹತ್ತಿಳಿಯುವುದು, ಇವು ಅವರ ನಿತ್ಯದ ಶ್ರಮಗಳು. ಸಾಮು ಮಾಡುವುದಕ್ಕೆ ‘ಶ್ರಮ’ವೆಂಬ ಹೆಸರೇ ಅಲ್ಲಿ ರೂಢಿಯಲ್ಲಿದ್ದುದನ್ನು ಗಮನಿಸಬೇಕು. ಕೊಬ್ಬಿದ ಆನೆಯನ್ನು ಸಾಕುವ ವಿಧಾನಕ್ಕೂ ಮಲ್ಲನನ್ನು ಸಾಕುವ ವಿಧಾನಕ್ಕೂ ಈ ಗ್ರಂಥದಲ್ಲಿ ಬಹಳ ಅಂತರವಿಲ್ಲವೆಂದರೆ ಕಟುವಾದೀತು, ಸುಳ್ಳಾಗದು.

‘ಅಂಕ’ವೆಂಬ ಮಾತು ಕಲ್ಯಾಣದೊಡನೆ ಅಳಿಯಲಿಲ್ಲ. ಕರಾವಳಿಯಲ್ಲಿ ಇಂದಿಗೂ ಕೋಳಿ ಅಂಕವೆಂಬ ಬಳಕೆಯಿದೆ. ಮನುಷ್ಯರು ಕಾದುವ ಕಣದ ಹೆಸರು ಹುಂಜಗಳ ಪಾಲಿಗೆ ಉಳಿದಿದೆ. ಇನ್ನೂ ದಕ್ಷಿಣಕ್ಕಿಳಿದರೆ ಕೇರಳದ ವಡಕ್ಕನ್ ಪಾಟ್ಟುಗಳಲ್ಲಿ ಅಂಕಂ ಎಂದರೆ ನ್ಯಾಯತೀರ್ಮಾನದ ದ್ವಂದ್ವ. ಇಬ್ಬರು ಸಿರಿವಂತರಲ್ಲಿ ವ್ಯಾಜ್ಯ ಹುಟ್ಟಿದರೆ ಅವರು ತಾವೇ ಕತ್ತಿ ಹಿಡಿಯುವುದಿಲ್ಲ. ತಮ್ಮ ಪರವಾಗಿ ಕಾದಲು ಒಬ್ಬೊಬ್ಬ ಚೇಕವನನ್ನು ಹಣ ಕೊಟ್ಟು ಗೊತ್ತುಮಾಡುತ್ತಾರೆ. ಯಾರ ಚೇಕವ ಉಳಿದನೋ ಅವರದು ನ್ಯಾಯ. ಆರೋಮಲ್ ಚೇಕವರ್‌ನ ಕಥೆಯಲ್ಲಿ ಕೇಳುಗರ ಮನಸ್ಸು ಕರಗುವುದು ಈ ಕಾರಣಕ್ಕಾಗಿಯೇ: ಅವನು ಬಾಳನ್ನು ಪಣಕ್ಕಿಟ್ಟ ಜಗಳ ಅವನದಲ್ಲ. ಸೋಮೇಶ್ವರನ ಅಂಕದಲ್ಲಿ ದ್ವೇಷವಿದ್ದವನೇ ಕಣಕ್ಕಿಳಿಯುತ್ತಿದ್ದ. ಮಲಬಾರಿನಲ್ಲಿ ದ್ವೇಷ ಒಬ್ಬನದು, ಗಾಯ ಇನ್ನೊಬ್ಬನದು. ವಿದ್ಯೆಯು ಕುಲವೃತ್ತಿಯಾದಾಗ ಆಗುವ ಮಾರ್ಪಾಟು ಇದು.

ಆ ವೃತ್ತಿಗೆ ಸಿದ್ಧಗೊಳಿಸುತ್ತಿದ್ದ ಶಾಲೆಯೇ ಕಳರಿ. ವಡಕ್ಕನ್ ಸಂಪ್ರದಾಯದ ಕಳರಿಪಯಟ್ಟಿನ ಪಾಠಕ್ರಮದಲ್ಲಿ ನಾಲ್ಕು ಹಂತಗಳಿವೆ: ಮೊದಲು ಮೈಯ ಸಾಧನೆಯಾದ ಮೈತ್ತಾರಿ, ಬಳಿಕ ಕೋಲುಗಳ ಕೋಲ್ತಾರಿ, ಅನಂತರ ಕತ್ತಿ-ಗುರಾಣಿ-ಉರುಮಿಗಳ ಅಂಕತ್ತಾರಿ, ಕಟ್ಟಕಡೆಗೆ ಬರಿಗೈಯ ವೆರುಂಕೈ. ಗರಡಿಯನ್ನು ಬಲ್ಲ ಕನ್ನಡಿಗನಿಗೆ ಈ ಕ್ರಮ ತಲೆಕೆಳಗಾದಂತೆ ಕಾಣುತ್ತದೆ. ಗರಡಿಯಲ್ಲಿ ಬರಿಗೈಯೇ ಆದಿ, ಬರಿಗೈಯೇ ಅಂತ್ಯ. ಕಳರಿಯಲ್ಲಿ ಅದನ್ನು ಕೊನೆಗೆ ಇಟ್ಟುದಕ್ಕೆ ಕಾರಣ ಮರ್ಮವಿದ್ಯೆ. ದೇಹದ ಯಾವ ಎಡೆಯನ್ನು ಒತ್ತಿದರೆ ನೋವು, ಯಾವ ಎಡೆಯಲ್ಲಿ ಪ್ರಾಣಾಪಾಯ ಎಂಬ ಅರಿವು ಬರಿಗೈಯ ಹೋರಾಟದ ತಿರುಳು. ಕತ್ತಿ ಕಣ್ಣಿಗೆ ಕಾಣುತ್ತದೆ, ಅದನ್ನು ಕಸಿದುಕೊಳ್ಳಬಹುದು. ಬೆರಳಿನಲ್ಲಿರುವ ಅರಿವನ್ನು ಕಸಿಯಲಾಗದು. ಆದ್ದರಿಂದ ಶಿಷ್ಯನ ಗುಣವನ್ನು ವರ್ಷಗಟ್ಟಲೆ ಪರೀಕ್ಷಿಸಿದ ಮೇಲೆಯೇ ಗುರುಕ್ಕಳ್ ಅದನ್ನು ಹೇಳಿಕೊಡುತ್ತಿದ್ದ.

ಮೈಸೂರಿನ ಜಟ್ಟಿಗಳ ಕಥೆ ಬೇರೆ. ‘ಜಟ್ಟಿ’ ಎಂಬುದು ಇಂದು ಕನ್ನಡದಲ್ಲಿ ಬಲಶಾಲಿಗಳೆಲ್ಲರಿಗೂ ಸಲ್ಲುವ ಸಾಮಾನ್ಯ ಪದ. ಮೂಲತಃ ಅದೊಂದು ಸಮುದಾಯದ ಹೆಸರು, ಜ್ಯೇಷ್ಠಿಯ ತದ್ಭವ. ಗುಜರಾತಿನ ಮೋಢೇರಾ ಪ್ರದೇಶದ ಜ್ಯೇಷ್ಠಿಮಲ್ಲರೆಂಬ ಬ್ರಾಹ್ಮಣರ ವಿದ್ಯೆಯನ್ನು ವರ್ಣಿಸುವ ‘ಮಲ್ಲಪುರಾಣ’ವು 1964ರಲ್ಲಿ ಬರೋಡೆಯಿಂದ ಪ್ರಕಟವಾಗಿದೆ. ಕೃಷ್ಣನೇ ಬ್ರಾಹ್ಮಣನಿಗೆ ಮಲ್ಲವಿದ್ಯೆಯನ್ನು ಉಪದೇಶಿಸಿದನೆಂದು ಆ ಪುರಾಣ ಹೇಳುತ್ತದೆ. ಅವರ ಕುಲದೇವತೆ ನಿಂಬಜಾದೇವಿಯನ್ನು ಮೈಸೂರಿನ ಜಟ್ಟಿಗಳೂ ಆರಾಧಿಸುತ್ತಾರೆ. ಸೋಮೇಶ್ವರನ ಜ್ಯೇಷ್ಠಿಕನಿಗೂ ಈ ಜ್ಯೇಷ್ಠಿಗೂ ಇರುವ ಹೆಸರಿನ ಸಾಮ್ಯ ಆಕಸ್ಮಿಕವಾಗಿರಲಾರದು.

ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಕುದುರೆ ವ್ಯಾಪಾರಿ ಫೆರ್ನಾವೊ ನೂನಿಜ್ 1530ರ ದಶಕದಲ್ಲಿ ಬರೆದ ವೃತ್ತಾಂತದಲ್ಲಿ ಒಂದು ಸೋಜಿಗದ ಸಂಗತಿಯಿದೆ. ಹಬ್ಬದ ಸೆಣಸಾಟಕ್ಕೆಂದೇ ಅರಸನ ಬಳಿ ಸಾವಿರ ಮಲ್ಲರಿದ್ದರು. ಅವರಿಗೆ ಬೇರಾವ ಊಳಿಗವೂ ಇರಲಿಲ್ಲ. ಪೋರ್ಚುಗೀಸರ ರೀತಿಯಲ್ಲಿ ಹಿಡಿದು ಕೆಡಹದೆ, ಕೈಯಲ್ಲಿನ ಮೊನೆಗಳುಳ್ಳ ಬಳೆಗಳಿಂದ ಒಬ್ಬರನ್ನೊಬ್ಬರು ಹೊಡೆದು ಗಾಯಗೊಳಿಸುತ್ತಿದ್ದರು. ಯಾರಿಗೆ ಹೆಚ್ಚು ಗಾಯವಾಯಿತೋ ಅವನು ಹೋಗಿ ಅರಸನಿಂದ ರೇಷ್ಮೆ ಬಟ್ಟೆಯ ಉಡುಗೊರೆ ಪಡೆಯುತ್ತಿದ್ದ. ಗೆದ್ದವನಿಗಲ್ಲ, ನೆತ್ತರು ಸುರಿಸಿದವನಿಗೆ ಸನ್ಮಾನ! ಪರದೇಶಿಯ ಕಣ್ಣು ತಪ್ಪಾಗಿ ಕಂಡಿತೆನ್ನಬಹುದು. ಆದರೆ ಮಹಾನವಮಿಯೆಂಬುದು ದೇವಿಯ ಹಬ್ಬವೆಂಬುದನ್ನು ನೆನೆದರೆ ಆ ವಿವರಕ್ಕೆ ಅರ್ಥ ಬರುತ್ತದೆ. ಅಲ್ಲಿ ನೆತ್ತರು ಸೋಲಿನ ಗುರುತಲ್ಲ, ಒಪ್ಪಿಸಿದ ಕಾಣಿಕೆ.

ಮೈಸೂರಿನ ಅರಮನೆಯ ತೊಟ್ಟಿಯಲ್ಲಿ ವಿಜಯದಶಮಿಯಂದು ನಡೆಯುವ ವಜ್ರಮುಷ್ಟಿ ಕಾಳಗವನ್ನು ಈ ಹಿನ್ನೆಲೆಯಲ್ಲಿಯೇ ನೋಡಬೇಕು. ಮೈಸೂರು, ಬೆಂಗಳೂರು, ಚಾಮರಾಜನಗರ, ಚನ್ನಪಟ್ಟಣಗಳಿಂದ ಬಂದ ಜಟ್ಟಿಗಳು ತಲೆ ಬೋಳಿಸಿಕೊಂಡು, ಬೆರಳುಗಳಿಗೆ ವಜ್ರನಖ ತೊಟ್ಟು ಎದುರುಬದುರಾಗುತ್ತಾರೆ. ಒಬ್ಬನ ತಲೆಯಿಂದ ಮೊದಲ ಹನಿ ನೆತ್ತರು ಕಂಡೊಡನೆ ಕಾಳಗ ಮುಗಿಯಿತು. ವಾರಗಟ್ಟಲೆಯ ಸಾಧನೆ, ವ್ರತ, ನೇಮಗಳೆಲ್ಲವೂ ಬಹಳವೆಂದರೆ ಕೆಲವು ನಿಮಿಷಗಳಿಗಾಗಿ. ಇದನ್ನು ಆಟವೆಂದು ಎಣಿಸಿ ನೋಡಲು ಹೋದವರು ನಿರಾಶರಾಗುತ್ತಾರೆ.

ಇವರೆಲ್ಲರಿಗಿಂತ ಸಾಮಾನ್ಯ ಜನರಿಗೆ ಹತ್ತಿರವಾದುದು ಗರಡಿಮನೆ. ಅದಕ್ಕೆ ಅರಸನ ಅಂಗಳ ಬೇಡ. ಓಣಿಯ ಮೂಲೆಯಲ್ಲೊಂದು ತಗ್ಗುಬಾಗಿಲಿನ ಕೋಣೆ, ಒಳಗೆ ಜರಡಿ ಹಿಡಿದ ಕೆಮ್ಮಣ್ಣಿನ ಮಟ್ಟಿ, ಗೋಡೆಯಲ್ಲಿ ಹನುಮಂತನ ಪಟ, ಒರಗಿಸಿಟ್ಟ ಗದೆ. ವಸ್ತಾದ್, ಪೈಲ್ವಾನ, ತಾಲೀಮು, ಕುಸ್ತಿ ಎಂಬ ಪದಗಳೆಲ್ಲ ಪಾರಸಿ-ಅರಬ್ಬಿಗಳಿಂದ ಬಂದವು. ಪಟದಲ್ಲಿರುವ ದೇವರು ರಾಮಾಯಣದವನು. ಇದರಲ್ಲಿ ವಿರೋಧವಿದೆಯೆಂದು ಮಟ್ಟಿಯಲ್ಲಿ ಹೊರಳಿದವರಿಗೆ ಅನ್ನಿಸಿದಂತಿಲ್ಲ. ನಾಡಕುಸ್ತಿಯಲ್ಲಿ ಹೊಡೆಯುವುದಕ್ಕೆ ಎಡೆಯಿಲ್ಲ. ಹಿಡಿ, ಎಳೆ, ಎತ್ತು, ಕೆಡಹು. ಎದುರಾಳಿಯ ಬೆನ್ನಿಗೆ ಮಣ್ಣು ತಾಗಿದರೆ ಆಟ ತೀರಿತು. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲವೆಂಬ ಗಾದೆಯನ್ನು ಜಂಭದ ಅಣಕವಾಗಿ ಬಳಸುತ್ತೇವಾದರೂ, ಮೀಸೆಯಲ್ಲ, ಬೆನ್ನೇ ಮಣ್ಣಾಗಬೇಕೆಂಬ ನಿಯಮದ ಪ್ರಕಾರ ಆ ಜಟ್ಟಿಯ ವಾದದಲ್ಲಿ ತುಸು ಹುರುಳಿರಲೂಬಹುದು!

ಗರಡಿಗೆ ಹುಡುಗರು ಹೋಗುತ್ತಿದ್ದುದು ಹಗೆ ತೀರಿಸಿಕೊಳ್ಳಲಲ್ಲ. ಮನೆಯಲ್ಲಿ ಅಪ್ಪ ಪೈಲ್ವಾನನಾಗಿದ್ದ, ಆದ್ದರಿಂದ ಮಗ; ಪಕ್ಕದ ಕೇರಿಯ ಗರಡಿಯವರು ದಸರೆಯಲ್ಲಿ ಗೆದ್ದಿದ್ದರು, ಆದ್ದರಿಂದ ಈ ಕೇರಿಯವರು. ಪೋಲಿಯಾಗದಿರಲೆಂದು ತಾಯಂದಿರೇ ಕಳಿಸಿದ್ದುಂಟು. ಹಾಲು, ತುಪ್ಪ, ಬಾದಾಮಿಗಳ ವೆಚ್ಚವನ್ನು ಹೊರಲಾರದೆ ಅರ್ಧದಲ್ಲಿ ಬಿಟ್ಟವರ ಸಂಖ್ಯೆಯೂ ಕಡಿಮೆಯಿರದು. ಅರಮನೆಯ ಭಂಡಾರದ ಬದಲು ಬಡ ಸಂಸಾರದ ಅಡುಗೆಮನೆ ಮಲ್ಲನನ್ನು ಸಾಕಬೇಕಾದ ಕಾಲವದು.

ಹಿಡಿಯುವ ವಿದ್ಯೆ, ಹೊಡೆಯುವ ವಿದ್ಯೆ ಎಂಬ ಈ ಭೇದವು ಜೈನ ಕಾವ್ಯಗಳ ಓದಿಗೂ ಬೆಳಕು ಚೆಲ್ಲುತ್ತದೆ. ಭರತ-ಬಾಹುಬಲಿಗಳ ಸೇನೆಗಳು ಎದುರಾದಾಗ, ಸೈನಿಕರು ವೃಥಾ ಸಾಯಬಾರದೆಂದು ಮಂತ್ರಿಗಳು ಅಣ್ಣತಮ್ಮಂದಿರೇ ಸೆಣಸಲೆಂದು ಸೂಚಿಸುತ್ತಾರೆ. ಜಿನಸೇನರ ಸಂಸ್ಕೃತ ಪುರಾಣದಲ್ಲಿಯೂ ಅದನ್ನನುಸರಿಸಿದ ಪಂಪನ ‘ಆದಿಪುರಾಣ’ದಲ್ಲಿಯೂ (941) ನಡೆಯುವುದು ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳು. ಮೂರರಲ್ಲಿ ಒಂದರಲ್ಲಿಯೂ ಹೊಡೆತವಿಲ್ಲ. ಕೊನೆಯ ಮಲ್ಲಯುದ್ಧದಲ್ಲಿ ಬಾಹುಬಲಿ ಅಣ್ಣನನ್ನು ಮೇಲಕ್ಕೆತ್ತುತ್ತಾನೆ, ನೆಲಕ್ಕೆ ಅಪ್ಪಳಿಸುವುದಿಲ್ಲ. ಆದರೆ ಹನ್ನೆರಡನೆಯ ಶತಮಾನದ ಗುಜರಾತಿನ ಹೇಮಚಂದ್ರಾಚಾರ್ಯರು ಶ್ವೇತಾಂಬರ ಪರಂಪರೆಯಂತೆ ಹೇಳುವ ಕಥೆಯಲ್ಲಿ ಮುಷ್ಟಿಯುದ್ಧ, ದಂಡಯುದ್ಧಗಳೂ ಇವೆ. ಅಲ್ಲಿ ಬಾಹುಬಲಿ ಭರತನನ್ನು ಹೊಡೆಯಲು ಮುಷ್ಟಿಯೆತ್ತುತ್ತಾನೆ. ಎತ್ತಿದ ಮುಷ್ಟಿಯನ್ನು ಹಾಗೆಯೇ ತನ್ನ ತಲೆಗೆ ಒಯ್ದು ಕೇಶವನ್ನು ಕಿತ್ತು ದೀಕ್ಷೆ ಕೈಗೊಳ್ಳುತ್ತಾನೆ.

ಎರಡರಲ್ಲಿ ಯಾವುದು ಹೆಚ್ಚು ಎಂಬ ಚರ್ಚೆ ನಿರರ್ಥಕ. ಆದರೆ ಎರಡೂ ಕಡೆಗಳಲ್ಲಿ ವೈರಾಗ್ಯವು ಆಯಾ ಹೋರಾಟದ ಪಟ್ಟಿನೊಳಗಿಂದಲೇ ಹೊಮ್ಮುತ್ತದೆಂಬುದು ಗಮನಾರ್ಹ. ಹಿಡಿಯುವವನು ಕೆಳಗಿಳಿಸಬಲ್ಲ, ಹೊಡೆಯುವವನು ಬೀಸಿದ ಕೈಯನ್ನು ತಡೆಯಬಲ್ಲ, ತಿರುಗಿಸಬಲ್ಲ. ಇವು ಮಲ್ಲರ ಅಂಗಳವನ್ನು ಕಂಡು ಬಲ್ಲವರಿಗೆ ಹೊಳೆಯುವ ಕಲ್ಪನೆಗಳು. ರಾಷ್ಟ್ರಕೂಟರ ಕಾಲದ ಕವಿಗಳಿಗೂ, ಮೋಢೇರಾಕ್ಕೆ ದೂರವಲ್ಲದ ಪಾಟಣದಲ್ಲಿದ್ದ ಹೇಮಚಂದ್ರರಿಗೂ ಆ ಅಂಗಳ ಅಪರಿಚಿತವಾಗಿರಲಾರದೆಂದು ಊಹಿಸಲು ಅವಕಾಶವಿದೆ. ಹದಿನಾರನೆಯ ಶತಮಾನದ ರತ್ನಾಕರವರ್ಣಿಯಾದರೋ ‘ಭರತೇಶ ವೈಭವ’ದಲ್ಲಿ ಇವಾವುದರ ಗೊಡವೆಗೂ ಹೋಗದೆ ಭರತನ ಮೃದುವಾದ ಮಾತಿನಿಂದಲೇ ತಮ್ಮನನ್ನು ಗೆಲ್ಲಿಸಿಬಿಟ್ಟ.

ವಿದ್ಯೆಗೆ ಕೆಲಸವಿಲ್ಲದಾದಾಗ ಏನಾಗುತ್ತದೆ? 1805ರಲ್ಲಿ ಪಳಶ್ಶಿ ರಾಜನು ಮಡಿದ ಬಳಿಕ ಬ್ರಿಟಿಷರು ಮಲಬಾರಿನಲ್ಲಿ ಆಯುಧಗಳನ್ನು ಹತ್ತಿಕ್ಕಿದರು. ಅಂಕತ್ತಾರಿಯ ಉಪಯೋಗ ಹೋಯಿತು. ಮರ್ಮದ ಅರಿವು ಉಳಿಚ್ಚಿಲ್ ಎಂಬ ಎಣ್ಣೆಯ ನೀವುಚಿಕಿತ್ಸೆಯಾಗಿ ಮನೆಮನೆಗೆ ಬೇಕಾಯಿತು. ಟಿಪ್ಪುವಿನ ಸೆರೆಯಲ್ಲಿದ್ದ ಆಂಗ್ಲರ ಬರಹಗಳಲ್ಲಿ ಜಟ್ಟಿಗಳು ಕತ್ತು ತಿರುಚಿ ಕೊಲ್ಲುವವರಾಗಿ ಕಾಣಿಸಿಕೊಳ್ಳುತ್ತಾರೆ. ಮುಂದಿನ ತಲೆಮಾರುಗಳಲ್ಲಿ ಅದೇ ಸಮುದಾಯವು ಮುರಿದ ಮೂಳೆ ಕೂಡಿಸುವುದಕ್ಕೆ ಹೆಸರಾಯಿತು. ಮುರಿಯುವ ಕೀಲನ್ನು ಬಲ್ಲ ಕೈಗೆ ಕೂಡಿಸುವ ಕೀಲೂ ಗೊತ್ತು. ಜಪಾನಿನಲ್ಲಿ 1876ರ ಶಾಸನವು ಸಮುರಾಯಿಗಳ ಸೊಂಟದ ಕತ್ತಿಯನ್ನು ಕಳಚಿಸಿತು. ಆರು ವರ್ಷಗಳ ಅನಂತರ ಕಾನೊ ಜಿಗೊರೊ ಎಂಬ ತರುಣ ಅಧ್ಯಾಪಕನು ಟೋಕಿಯೋದ ಒಂದು ಬೌದ್ಧ ದೇವಾಲಯದಲ್ಲಿ ಹಳೆಯ ಜುಜುತ್ಸುವನ್ನು ಶೋಧಿಸಿ ಜೂಡೋ ಎಂದು ಹೆಸರಿಟ್ಟ. ‘ಜುತ್ಸು’ ಎಂದರೆ ಕೌಶಲ, ‘ದೋ’ ಎಂದರೆ ಮಾರ್ಗ. ಕೊಲ್ಲುವ ಅಪಾಯದ ಪಟ್ಟುಗಳನ್ನು ಸೆಣಸಾಟದಿಂದ ಬದಿಗಿರಿಸಿದ್ದರಿಂದಲೇ ಅದು ಶಾಲೆಗಳ ಒಳಗೆ ಹೋಗಲು ಸಾಧ್ಯವಾಯಿತು. ಒಕಿನಾವಾದ ಕರಾಟೆಯೂ ಫುನಾಕೋಶಿಯ ಕಾಲದಲ್ಲಿ ಅದೇ ದಾರಿ ಹಿಡಿಯಿತು. ಗರಡಿಗೆ ಇಂಥ ಒಬ್ಬ ಅಧ್ಯಾಪಕ ದೊರೆಯಲಿಲ್ಲ.

ಇಂದು ಕರ್ನಾಟಕದ ಊರೂರಿನ ಶಾಲೆಗಳಲ್ಲಿ ಬಿಳಿ ಅಂಗಿ ತೊಟ್ಟು ಸಾಲಾಗಿ ನಿಂತ ಹೆಣ್ಣುಮಕ್ಕಳು ಕಲಿಯುವುದು ಆ ಕರಾಟೆಯನ್ನೇ. ವಿದ್ಯಾರ್ಥಿನಿಲಯಗಳ ಬಾಲಕಿಯರಿಗಾಗಿ ಸರ್ಕಾರ ರೂಪಿಸಿದ ಆತ್ಮರಕ್ಷಣಾ ಯೋಜನೆಗೆ ಚಿತ್ರದುರ್ಗದ ಓಬವ್ವನ ಹೆಸರನ್ನಿಡಲಾಗಿದೆ. ಯಾವ ಗರಡಿಯಲ್ಲಿಯೂ ಸಾಮು ಮಾಡದೆ, ಭತ್ತ ಕುಟ್ಟಿದ ತೋಳಿನಿಂದಲೇ ಒನಕೆ ಬೀಸಿದವಳ ಹೆಸರದು. ಈ ಮಕ್ಕಳು ಕಲಿಯುವ ಕಾರಣ ಮಾನಸೋಲ್ಲಾಸದ ಅಂಕಕಾರರ ಯಾವ ವರ್ಗದಲ್ಲಿಯೂ ಸೇರುವುದಿಲ್ಲ. ಇವರಿಗೆ ಬಿರುದು ಬೇಡ, ಅರಸನ ರೇಷ್ಮೆ ಬೇಡ. ಸಂಜೆಯ ಬಸ್ಸಿಳಿದು ಮನೆಯವರೆಗೆ ನಡೆಯುವಷ್ಟು ಧೈರ್ಯ ಸಾಕು. ಹಿಡಿದ ಮಣಿಕಟ್ಟನ್ನು ಬಿಡಿಸಿಕೊಳ್ಳುವುದು, ಕೂಗುವುದು, ಓಡುವುದು ಅವರ ಮೊದಲ ಪಾಠಗಳು. ಓಡುವುದನ್ನು ಪಟ್ಟೆಂದು ಎಣಿಸಿದ ಮಲ್ಲಶಾಸ್ತ್ರ ಇದಕ್ಕೆ ಮೊದಲು ಈ ನಾಡಿನಲ್ಲಿ ಇದ್ದಂತಿಲ್ಲ.

ಆದರೆ ಕೆಲವು ತಿಂಗಳ ತರಬೇತಿ ಮುಗಿದ ಮೇಲೆ ಆ ಹುಡುಗಿ ಹೋಗಬೇಕಾದುದೆಲ್ಲಿಗೆ? ಅಭ್ಯಾಸವಿಲ್ಲದ ಪಟ್ಟು ಮೈಯಿಂದ ಬೇಗನೆ ಜಾರುತ್ತದೆ. ಹಳೆಯ ಗರಡಿಗಳ ಮಟ್ಟಿಗೆ ಹೆಂಗಸರು ಇಳಿಯುವ ರೂಢಿಯೇ ಇರಲಿಲ್ಲ. ದಸರೆಯ ಕುಸ್ತಿಯಲ್ಲಿ ಈಗೀಗ ಮಹಿಳೆಯರ ಜೋಡಿಗಳನ್ನು ಕಟ್ಟುತ್ತಿದ್ದಾರಾದರೂ ಕೇರಿಯ ಗರಡಿಯ ತಗ್ಗುಬಾಗಿಲು ಅವರಿಗಾಗಿ ಇನ್ನೂ ಅಗಲವಾಗಿಲ್ಲ. ವಡಕರದ ಮೀನಾಕ್ಷಿ ಅಮ್ಮ ಏಳನೆಯ ವಯಸ್ಸಿನಲ್ಲಿ ಕಳರಿಗೆ ಇಳಿದವರು. 2017ರಲ್ಲಿ ಪದ್ಮಶ್ರೀ ಬಂದಾಗ ಎಪ್ಪತ್ತು ದಾಟಿತ್ತು, ಆಗಲೂ ಕೋಲು ಹಿಡಿದು ಪಾಠ ಹೇಳುತ್ತಿದ್ದರು. ಅವರ ಕಳರಿಯಲ್ಲಿ ಶುಲ್ಕವಿಲ್ಲ. ಗಂಡು ಹೆಣ್ಣೆಂಬ ಬೇರೆ ಬೇರೆ ಸಾಲೂ ಇಲ್ಲ. ಮಕ್ಕಳು ಬಾಗಿಲ ಮೆಟ್ಟಿಲಿಳಿದು, ನೆಲವನ್ನು ಮುಟ್ಟಿ ನಮಸ್ಕರಿಸಿ, ಮೈತ್ತಾರಿಯಿಂದ ಆರಂಭಿಸುತ್ತಾರೆ.